ಹತ್ತನೇ ಹಂತದ ಚಿಲಕ

ಒಂದಾನೊಂದು ಊರಲ್ಲಿ ಒಬ್ಬ ರಾಜನಿದ್ದ. ಅವನಿಗೆ ಹದಿನಾಲ್ಕು ಅಂತಸ್ತಿನ ನಾಲ್ಕು ಅರಮನೆ ಕಟ್ಟಿಸುವ ಹುಚ್ಚು. ಅವುಗಳಲ್ಲಿ ನಾನೂರ ನಲವತ್ತೆಂಟು ಮನೆ, ಮನೆಗೆ ಮೂರರಂತೆ ಸಾವಿರದ ಮುನ್ನೂರ ನಲವತ್ತನಾಲ್ಕು ಪಾಯಖಾನೆ. ಇಟ್ಟಿಗೆ ಹೊರುವ ಹೆಂಗಸರು ಹತ್ತೊಂಬತ್ತು ಮಂದಿ. ಅವರಿಗೆ ಒಂದೂ ಇರಲಿಲ್ಲ.

ನಮ್ಮಜ್ಜಿ ಇದ್ದಿದ್ದರೆ ಇಲ್ಲಿ ನಿಲ್ಲಿಸಿ, "ಹೂಂ ಅನ್ನೇ" ಎನ್ನುತ್ತಿದ್ದಳು. ಅವಳ ಕಥೆಗೆ ಎರಡು ಕಟ್ಟಳೆ. ಕೇಳುವವರು ಹೂಂಗುಟ್ಟಬೇಕು. ರಾಜ ಕೊಟ್ಟ ಮಾತು ನೆರವೇರುವ ತನಕ ಯಾರೂ ಎದ್ದು ಹೋಗಬಾರದು. ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ನಾನು ಎಷ್ಟೋ ಸಲ ಉಚ್ಚೆ ಬಿಗಿಹಿಡಿದು, ಕಾಲು ಹೊಸೆಯುತ್ತ, ರಾಜಕುಮಾರಿಯ ಮದುವೆ ಬೇಗ ಮುಗಿಯಲಿ ದೇವರೇ ಎಂದು ಕೂತಿದ್ದೇನೆ. ಅದು ಐದು ನಿಮಿಷದ ಕಷ್ಟ. ಹೈದರಾಬಾದಿನ ಮಿಯಾಪುರದಲ್ಲಿ, ಆ ಅರಮನೆಗಳು ಏಳುತ್ತಿದ್ದ ಜಾಗದಲ್ಲಿ, ಗದಿಗೆಮ್ಮ ಅದನ್ನೇ ದಿನಕ್ಕೆ ಹನ್ನೆರಡು ತಾಸು ಮಾಡುತ್ತಿದ್ದಳು.

ಗದಿಗೆಮ್ಮ ಆ ಹತ್ತೊಂಬತ್ತು ಮಂದಿಯಲ್ಲಿ ಒಬ್ಬಳು, ಯಾದಗಿರಿ ಕಡೆಯವಳು. ಬೆಳಕು ಹರಿಯುವ ಮೊದಲೇ ಹೆಂಗಸರೆಲ್ಲ ಜೊತೆಗೂಡಿ ಕಟ್ಟಡದ ಹಿಂದಿನ ಜಾಲಿ ಪೊದೆಗೆ ಹೋಗಿ ಬರುತ್ತಿದ್ದರು. ಆಮೇಲೆ ಮತ್ತೆ ಕತ್ತಲಾಗಬೇಕು. ಆ ಪೊದೆಯನ್ನೂ ನಾಲ್ಕನೇ ಟವರಿಗೆಂದು ಜೆಸಿಬಿ ಬಳಿದುಹಾಕಿತು. ಗಂಡಸರಿಗೇನು, ಗೋಡೆಯ ಕಡೆ ತಿರುಗಿದರೆ ಆಯಿತು. ಗದಿಗೆಮ್ಮ ನೀರು ಕುಡಿಯುವುದನ್ನೇ ಬಿಟ್ಟಳು. ಏಪ್ರಿಲ್ ಬಿಸಿಲಿನಲ್ಲಿ ಎರಡು ಸಲ ಏಣಿಯ ಬುಡದಲ್ಲಿ ತಲೆ ತಿರುಗಿ ಬಿದ್ದಳು. ಮೂತ್ರದಲ್ಲಿ ಉರಿ, ಆಮೇಲೆ ರಕ್ತ. ಡಾಕ್ಟರು, ಹೀಗೇ ಮಾಡಿದರೆ ಕಿಡ್ನಿ ಹೋಗುತ್ತದೆ, ನೀರು ಕುಡಿಯಮ್ಮ ಎಂದು ಗದರಿ ಕಳಿಸಿದರು.

"ನೀರು ಕುಡಿಯೋದು ಪಾಯಖಾನಿ ಇದ್ದೋರ ಚಟ ನೋಡ್ರಿ ಅಕ್ಕೋರ," ಎಂದು ಗದಿಗೆಮ್ಮ ನನ್ನ ಮುಂದೆ ನಕ್ಕಳು.

ಅವರ ಕಡೆ ಅಕ್ಕೋರು ಅಂದರೆ ಟೀಚರು. ನಾನು ಟೀಚರೇನಲ್ಲ. ಆಟದ ಮೂಲಕ ಪಾಠ ಕಲಿಸುವ ಒಂದು ಕಂಪನಿಯಲ್ಲಿ ಕನ್ನಡದ ಮಾತು ಬರೆಯುವವಳು, ಹೆಸರು ಪೂರ್ವಿ. ನಮ್ಮ ಆಫೀಸು ಹೈಟೆಕ್ ಸಿಟಿಯ ಏಳನೇ ಮಹಡಿಯಲ್ಲಿ. ಅಲ್ಲಿ ಮಹಡಿಗೆ ಎಂಟು ಪಾಯಖಾನೆ, ಒಳಗೆ ಕಾಲಿಟ್ಟರೆ ಸಂಗೀತ ಬರುತ್ತದೆ.

ಕಟ್ಟಡದ ಮಾಲೀಕರಿಗೆ ಕೂಲಿಕಾರರಲ್ಲಿ ಶುಚಿತ್ವದ ಅರಿವು ಮೂಡಿಸುವ ಮನಸ್ಸಾಯಿತಂತೆ. ನಮ್ಮ ಕಂಪನಿ 'ಶುಚಿರಾಣಿ' ಎಂಬ ಆಟ ಮಾಡಿಕೊಟ್ಟಿತು. ಹತ್ತು ಹಂತ. ಒಂದೊಂದು ಹಂತ ಗೆದ್ದಾಗಲೂ ಪರದೆಯ ಮೇಲಿನ ರಾಣಿಗೆ ಕಿರೀಟ, ತುತ್ತೂರಿಯ ಸದ್ದು. ಉದ್ಘಾಟನೆಯ ದಿನ ಬ್ಯಾನರಿನ ಮೇಲೆ ನಾನೇ ಬರೆದ ಸಾಲಿತ್ತು: "ಹತ್ತನೇ ಹಂತ ಗೆದ್ದ ದಿನ, ನಿಮ್ಮ ಶೌಚಾಲಯ ನಿಮಗೆ."

ಬರೆಯುವಾಗ ನನಗೆ ಅಜ್ಜಿಯ ಕಥೆಯ ರಾಜಕುಮಾರಿಯೇ ಕಣ್ಣ ಮುಂದಿದ್ದಳು. ಏಳು ಪರೀಕ್ಷೆ ಗೆದ್ದರೆ ಮಾಲೆ! ಬರೆದ ಮೇಲೆ ನಮ್ಮ ತಂಡದ ಮುಖ್ಯಸ್ಥ ಪ್ರಜ್ವಲನನ್ನು ಕೇಳಿದೆ.

"ಸರ್, ಅಲ್ಲೀತನಕ ಅವರು ಎಲ್ಲಿಗೆ ಹೋಗ್ಬೇಕು?"

"ಮೊದಲೇ ಕೊಟ್ಬಿಟ್ರೆ ಆಡೋಕೆ ಉತ್ಸಾಹ ಎಲ್ಲಿರುತ್ತೆ ಪೂರ್ವಿ? ಬಹುಮಾನ ಕೊನೇಲೇ ಇರ್ಬೇಕು. ಅದೇ ಗೇಮಿಫಿಕೇಶನ್."

ಊಟದ ಬಿಡುವಿನಲ್ಲಿ ತಗಡಿನ ಶೆಡ್ಡಿನಲ್ಲಿ ಆಟ. ಒಂದೇ ಟ್ಯಾಬು, ಹತ್ತೊಂಬತ್ತು ತಲೆ. ಟ್ಯಾಬಿನ ರಾಣಿ ಮಾತಾಡಿದರೆ ಹೆಂಗಸರು ಒಟ್ಟಿಗೆ "ಹೂಂ" ಎನ್ನುತ್ತಿದ್ದರು. ನಾನು ಮೊದಲ ದಿನ ಅದನ್ನು ಕೇಳಿ ಅಲ್ಲೇ ಕೂತುಬಿಟ್ಟೆ. ಅದಾದ ಮೇಲೆ ಬೇಕಿರಲಿ ಬೇಡವಿರಲಿ, ದಿನಾ ಹೋಗತೊಡಗಿದೆ.

ಎರಡನೇ ಹಂತದಲ್ಲಿ ಸೋಪಿನಿಂದ ಕ್ರಿಮಿಗಳನ್ನು ಅಟ್ಟಿಸಿಕೊಂಡು ಹೋಗಬೇಕು. ಹಸಿರು ಮೈ, ಎರಡು ಕೋಡು, ದುಂಡು ಕಣ್ಣು. ಗದಿಗೆಮ್ಮನ ಜೊತೆ ಇಟ್ಟಿಗೆ ಹೊರುವ ಹುಸೇನಮ್ಮ ಬೆರಳೇ ಎತ್ತಲಿಲ್ಲ.

"ಯಾ ಅಲ್ಲಾ, ಇವು ಇನ್ನಾ ಮರಿ ಅದಾವಲ್ರಿ! ಮುಖ ನೋಡ್ರಿ, ಎಷ್ಟು ಮಾಸೂಮ್ ಐತಿ, ಪಾಪ. ನಾ ಒಲ್ಲೆ."

"ಏ ಹುಸೇನವ್ವಾ, ಅವು ನಿನ್ನ ಹೊಟ್ಯಾಗ ಹೋಗಿ ಸಂಸಾರ ಹೂಡ್ತಾವ ನೋಡು," ಎಂದು ಗದಿಗೆಮ್ಮ ಅವಳ ಕೈ ಹಿಡಿದು ಕೊಲ್ಲಿಸಿದಳು.

ಐದನೇ ಹಂತ: ದಿನಕ್ಕೆ ಹನ್ನೆರಡು ಲೋಟ ನೀರು ಕುಡಿಯಿರಿ. ರಾಣಿಗೆ ಕುಡಿಸಿ ಕುಡಿಸಿ ಗದಿಗೆಮ್ಮ ಐದನೇ ಕಿರೀಟ ಗೆದ್ದಳು. ತಾನು ಒಂದು ಗುಟುಕೂ ಕುಡಿಯಲಿಲ್ಲ. ಏಳನೇ ಹಂತ: ಪಾಯಖಾನೆ ತಿಕ್ಕುವುದು. ಎಂಟು: ಚಿಲಕ ಹಾಕುವುದು, ತೆಗೆಯುವುದು. ಇಲ್ಲದ ಚಿಲಕವನ್ನು ಪರದೆಯ ಮೇಲೆ ನೂರು ಸಲ ಹಾಕಿ ತೆಗೆದರು. ಒಂಬತ್ತನೆಯದು ಮುಗಿದಾಗ ಗದಿಗೆಮ್ಮನ ಅಂಕ ಮೂರು ಸಾವಿರ ದಾಟಿತ್ತು.

ಹತ್ತನೇ ಹಂತ ತೆರೆಯಿತು. ರಾಣಿ ಕೈಮುಗಿದು ಹೇಳಿದಳು: "ನೀವು ಶುಚಿಯಾಗಿ ಇಟ್ಟುಕೊಂಡ ಶೌಚಾಲಯದ ಮುಂದೆ ನಿಂತು ಫೋಟೋ ಕಳಿಸಿರಿ."

ಯಾರೂ ಹೂಂ ಎನ್ನಲಿಲ್ಲ.

"ಅಂದ್ರ," ಹುಸೇನಮ್ಮ ಬೆರಳು ಮಡಚಿದಳು, "ಫೋಟೋ ಕಳಿಸಿದ್ರ ಪಾಯಖಾನಿ ಕೊಡ್ತಾರ. ಪಾಯಖಾನಿ ಇದ್ರ ಫೋಟೋ ಬರ್ತೈತಿ. ಕ್ಯಾ ದಿಮಾಗ್ ಹೈ!"

ನಾನು ಆಫೀಸಿಗೆ ಓಡಿದೆ. ಪ್ರಜ್ವಲ ಹುಬ್ಬು ಗಂಟಿಕ್ಕಿ ಪರದೆ ನೋಡಿದ. ಆ ಹಂತ ಮಾಡಿದವರಿಗೆ ಪಾಯಖಾನೆಯೇ ಇಲ್ಲದ ಮನುಷ್ಯರು ಇರುತ್ತಾರೆಂದು ಹೊಳೆದಿರಲಿಲ್ಲ. "ಮುಂದಿನ ವರ್ಷನ್‌ನಲ್ಲಿ ಸರಿ ಮಾಡೋಣ, ಮೂರು ತಿಂಗಳು ಬೇಕು," ಎಂದ. ಅಷ್ಟರಲ್ಲಿ ಒಂಬತ್ತು ಹಂತದ ವರದಿಗೆ ಯಾವುದೋ ಸಮ್ಮೇಳನದಲ್ಲಿ ಚಪ್ಪಾಳೆ ಬಿದ್ದಿತ್ತು. ಅದರಲ್ಲಿ ಗದಿಗೆಮ್ಮನ ಚಿತ್ರವೂ ಇತ್ತು, ಕಂಪ್ಯೂಟರಿನಲ್ಲಿ ಅಂಟಿಸಿದ ಕಿರೀಟದ ಸಮೇತ.

ಸೈಟಿನ ಮ್ಯಾನೇಜರ್ ಮಲ್ಲಿಕಾರ್ಜುನ ಬೀದರಿನವನು. ಗದಿಗೆಮ್ಮ ಅವನನ್ನೇ ಹಿಡಿದಳು.

"ಸಾಹೇಬ್ರ, ಒಂಬತ್ತು ಗೆದ್ದೀವ್ರಿ. ಒಂದು ಮಾಫಿ ಮಾಡ್ರಿ."

"ರೂಲ್ ಅಂದ್ರ ರೂಲ್ ಅಮ್ಮಾ. ಫೋಟೋ ತರ್ರಿ, ನಾಳೇನೇ ಕಟ್ಟಸ್ತೀನಿ. ಜಬಾನ್ ಕೊಟ್ಟೀನಿ, ಮಾತಂದ್ರ ಮಾತು."

"ಯಾವ ಪಾಯಖಾನಿ ಅಂತ ರೂಲಿನ್ಯಾಗ ಐತೇನ್ರಿ?"

"ಯಾವುದಾದ್ರೂ ನಡೀತೈತಿ ಹೋಗಮ್ಮಾ," ಎಂದು ಅವನು ಫೋನಿಗೆ ಕಿವಿ ಕೊಟ್ಟ. ಇವರು ಎಲ್ಲಿಂದ ತಂದಾರು ಎಂಬ ಧೈರ್ಯ.

ಭಾನುವಾರ ಮನೆ ಕೊಳ್ಳುವವರು ಬರುವ ದಿನ. ಮೊದಲನೇ ಟವರಿನ ಒಂದನೇ ಮಹಡಿಯಲ್ಲಿ ಸ್ಯಾಂಪಲ್ ಫ್ಲ್ಯಾಟು: ಸೋಫಾ, ಪರದೆ, ಪ್ಲಾಸ್ಟಿಕ್ ಹಣ್ಣು. ಹನ್ನೊಂದು ಗಂಟೆಗೆ ಮಲ್ಲಿಕಾರ್ಜುನ ಏಳೆಂಟು ಸಂಸಾರಗಳನ್ನು ಕರೆದುಕೊಂಡು ಒಳಗೆ ಬಂದ. ಬಚ್ಚಲಿನ ಬಾಗಿಲಿಂದ ಹಜಾರದ ತನಕ ಹತ್ತೊಂಬತ್ತು ಹೆಂಗಸರು ಸಾಲಾಗಿ ನಿಂತಿದ್ದರು. ಕಾಲು ತೊಳೆದಿದ್ದರು, ಮೂರನೇ ಹಂತದಲ್ಲಿ ಹೇಳಿದ ಹಾಗೆ. ಚಪ್ಪಲಿ ಹೊರಗಿದ್ದವು. ಕೈಯಲ್ಲಿ ಸೋಪು. ಸಾಲಿನ ಪಕ್ಕದಲ್ಲಿ ಟ್ಯಾಬು ಹಿಡಿದುಕೊಂಡು ನಾನು.

"ಏನಿದು? ಏನಿದು ತಮಾಷಾ?" ಮಲ್ಲಿಕಾರ್ಜುನನ ದನಿ ಕೀರಲಾಯಿತು.

"ಹತ್ತನೇ ಹಂತ ರೀ," ಎಂದಳು ಸಾಲಿನ ಮೊದಲಲ್ಲಿದ್ದ ಗದಿಗೆಮ್ಮ. "ಯಾವುದಾದ್ರೂ ನಡೀತೈತಿ ಅಂದಿದ್ರಲ್ಲ."

"ಫೋಟೋ ತಾನೆ? ಲಗೂ ತಗೋರಿ, ನಡೀರಿ!"

"ಬರೇ ಫೋಟೋ ಹೆಂಗ್ರಿ? ಮೊದಲ ಬಳಸಬೇಕು, ಆಮ್ಯಾಲ ತಿಕ್ಕಬೇಕು, ಆಮ್ಯಾಲ ಫೋಟೋ. ಏಳನೇದ್ರಾಗ ಹಂಗ ಕಲಿಸ್ಯಾರ."

"ಬಳಸ್ತೀರಾ?"

"ಮುಂಜಾನಿಂದ ಹನ್ನೆರಡು ಗ್ಲಾಸ್ ನೀರು ಕುಡದೀವಿ. ಒಬ್ಬೊಬ್ಬಾಕಿ." ಗದಿಗೆಮ್ಮನ ಹಣೆಯಲ್ಲಿ ಬೆವರಿತ್ತು. ಎಷ್ಟೋ ದಿನಕ್ಕೆ ಅವಳ ಮೈಯಲ್ಲಿ ಬೆವರಾಗುವಷ್ಟು ನೀರಿತ್ತು. "ಐದನೇ ಹಂತ."

ಮಲ್ಲಿಕಾರ್ಜುನನ ಮುಖ ಸುಣ್ಣದ ಗೋಡೆಯಾಯಿತು. ಯಾಕೆಂದರೆ ಸ್ಯಾಂಪಲ್ ಫ್ಲ್ಯಾಟಿನ ಕಮೋಡು ನೋಡುವುದಕ್ಕೆ ಮಾತ್ರ ಇಟ್ಟದ್ದು. ನೀರಿಲ್ಲ. ಕೆಳಗಿನ ಪೈಪು ಯಾವುದಕ್ಕೂ ಕೂಡಿಲ್ಲ. ಅದು ನೇರ ಕೆಳಗಿನ ಕೋಣೆಯ ತೆಳು ಸೀಲಿಂಗಿನ ಮೇಲೆ ತೆರೆದುಕೊಂಡಿದೆ. ಆ ಕೋಣೆಯಲ್ಲಿ ಈಗ ಮಾಲೀಕರು ಹವಾನಿಯಂತ್ರಣದಡಿ ಕೂತು ಗಿರಾಕಿಗಳಿಗೆ ಬಾದಾಮಿ ಹಾಲು ಕುಡಿಸುತ್ತಿದ್ದಾರೆ. ಇದು ಮಲ್ಲಿಕಾರ್ಜುನನಿಗೆ ಗೊತ್ತು. ಗಾರೆ ಕೆಲಸದ ಗೌಂಡಿ, ಆ ಪೈಪು ಇಟ್ಟ ಸೂಗಪ್ಪನಿಗೆ ಗೊತ್ತು. ಸೂಗಪ್ಪ ಗದಿಗೆಮ್ಮನ ಊರಿನವನು.

"ಅಮ್ಮಾ, ತಾಯಿ, ಪೈಪ್ ಕನೆಕ್ಷನ್ ಇಲ್ಲಮ್ಮಾ!"

"ಅದು ಆಟದಾಗ ಬರಂಗಿಲ್ರಿ," ಎಂದು ಹುಸೇನಮ್ಮ ಹಿಂದಿನಿಂದ ಕೂಗಿದಳು. "ಗದಿಗೆವ್ವಾ, ಜಲ್ದಿ ಹೋಗಬೇ! ನನ್ನ ಕೈಲಿ ತಡಿಯಾಕ ಆಗವಲ್ದು!"

ಗಿರಾಕಿಗಳಲ್ಲಿ ತಾರ್ನಾಕದಿಂದ ಬಂದ ವಯಸ್ಸಾದ ಹೆಂಗಸೊಬ್ಬರಿದ್ದರು. ನೀವೆಲ್ಲ ದಿನಾ ಎಲ್ಲಿಗೆ ಹೋಗುತ್ತೀರಿ ಎಂದು ತೆಲುಗಿನಲ್ಲಿ ಕೇಳಿದರು. ಹತ್ತೊಂಬತ್ತು ಮಂದಿಯೂ ಮಲ್ಲಿಕಾರ್ಜುನನ ಮುಖ ನೋಡಿದರು. ಆಗ ಆ ಹೆಂಗಸೂ, ಅವರ ಹಿಂದಿದ್ದ ಏಳೆಂಟು ಸಂಸಾರಗಳೂ ಅವನ ಮುಖವನ್ನೇ ನೋಡಿದರು. ಯಾರೋ ಸೋಫಾದಿಂದ ಎದ್ದು ನಿಂತರು.

ಯಾರೋ ಸುದ್ದಿ ಮುಟ್ಟಿಸಿರಬೇಕು, ನನ್ನ ಫೋನು ಬಡಿದುಕೊಂಡಿತು. ಪ್ರಜ್ವಲ. "ಪೂರ್ವಿ, ಏನ್ ನಡೀತಿದೆ ಅಲ್ಲಿ? ನಿಲ್ಲಿಸು ಅವರನ್ನ!"

"ಆಗಲ್ಲ ಸರ್. ಕೊನೇ ಹಂತ. ನಡುವೆ ಎದ್ದು ಹೋಗಬಾರದು."

ಗದಿಗೆಮ್ಮ ಬಚ್ಚಲಿನ ಹೊಸ್ತಿಲ ಮೇಲೆ ಒಂದು ಕಾಲಿಟ್ಟಳು.

"ನಿಂದ್ರು!" ಮಲ್ಲಿಕಾರ್ಜುನ ಎರಡೂ ಕೈ ಅಡ್ಡ ಹಿಡಿದ. "ಕಟ್ಟಸ್ತೀನಿ. ನಾಳೇನೇ."

"ನಾಳೆ ಅಂದ್ರ ಮತ್ತ ಹನ್ನೊಂದನೇ ಹಂತ ಆಕ್ಕೈತ್ರಿ. ಇವತ್ತ. ಈಗ. ಇಟ್ಟಂಗಿ ನಾವ ಹೊತ್ತಿದ್ದು ಅಲ್ಲೇ ಬಿದ್ದಾವು. ಸೂಗಪ್ಪಣ್ಣ ಕೆಳಗ ಪಾಯದ ಅಳತಿ ದಾರ ಹಿಡಕೊಂಡು ನಿಂತಾನ. ನೀವು ಹೂಂ ಅನ್ರಿ ಸಾಕು."

"ಹೂಂ," ಎಂದ ಮಲ್ಲಿಕಾರ್ಜುನ. ಎಲ್ಲರ ಮುಂದೆ.

ಕೆಳಗೆ ಮಾಲೀಕರ ಕೋಣೆಯ ಹಿಂದಿದ್ದ ಸ್ಟಾಫಿನ ಪಾಯಖಾನೆಯ ಬೀಗ ತೆಗೆಯಬೇಕಾಯಿತು. ಹತ್ತೊಂಬತ್ತು ಮಂದಿ ಬಾದಾಮಿ ಹಾಲಿನ ನಡುವಿನಿಂದಲೇ ಒಬ್ಬೊಬ್ಬರಾಗಿ ಹೋಗಿ ಬಂದರು. ಮಾಲೀಕರು ಎದ್ದು ನಿಂತು ದಾರಿ ಬಿಟ್ಟರು. ಗೌರವಕ್ಕೋ, ವಾಸನೆಯ ಭಯಕ್ಕೋ ತಿಳಿಯದು.

ಮಧ್ಯಾಹ್ನವೇ ಪಾಯ ತೋಡಿದರು. ಗೋಡೆ ಎದ್ದು, ಚರಂಡಿಗೆ ಪೈಪು ಕೂಡಿ, ತಗಡು ಹೊದಿಸುವ ಹೊತ್ತಿಗೆ ಬುಧವಾರವಾಯಿತು. ಮೂರು ಕೋಣೆ. ಆ ಮೂರು ದಿನ ಟವರಿಗೆ ಒಂದು ಇಟ್ಟಿಗೆಯೂ ಏರಲಿಲ್ಲ. ಗಂಡಸರೂ ಬಂದು ಕೈಹಚ್ಚಿದರು, ನಮಗೂ ಎರಡು ಬೇಕು ಎಂದು ನಾಚುತ್ತಲೇ ಕೇಳಿದರು. "ನೀವೂ ಸಾಲಿಗೆ ನಿಂದ್ರಿ," ಎಂದಳು ಗದಿಗೆಮ್ಮ.

ಮೊದಲು ಬಂದದ್ದು ಬೋರ್ಡು: 'ಶುಚಿರಾಣಿ ಆಟದ ಯಶಸ್ಸು'. ಅದರ ಮುಂದೆ ಪ್ರಜ್ವಲ ಬಾಗಿಲಿಗೆ ಅಡ್ಡ ರಿಬ್ಬನ್ನು ಕಟ್ಟಿಸಿ, ಕತ್ತರಿ ಹಿಡಿದು ನಿಂತಿದ್ದ. ಗದಿಗೆಮ್ಮ ಬಾಗಿಲು ತಳ್ಳಿ ನೋಡಿದಳು. ಹೊರಗೆ ಬೀಗದ ಕೊಂಡಿ ಇತ್ತು, ಒಳಗೆ ಏನೂ ಇರಲಿಲ್ಲ.

"ಚಿಲಕ ಎಲ್ಲಿ ಐತ್ರಿ?"

"ಆಮ್ಯಾಲ ಹಚ್ಚೋಣಮ್ಮಾ," ಎಂದ ಮಲ್ಲಿಕಾರ್ಜುನ. "ಮೊದಲ ಫೋಟೋ ಆಗ್ಲಿ."

"ಎಂಟನೇ ಹಂತ ನೀವು ಆಡಿಲ್ಲ ಕಾಣ್ತೈತಿ."

ಗದಿಗೆಮ್ಮ ಸೀದಾ ಸ್ಟೋರಿಗೆ ಹೋದಳು. ಹದಿನಾಲ್ಕನೇ ಮಹಡಿಯ ಮನೆಗೆಂದು ತರಿಸಿದ್ದ ಹಿತ್ತಾಳೆಯ ಚಿಲಕ ಎತ್ತಿಕೊಂಡು ಬಂದಳು. ಯಾರೂ ತಡೆಯಲಿಲ್ಲ. ಸೂಗಪ್ಪ ನಾಲ್ಕು ಸ್ಕ್ರೂ ಬಿಗಿದ. ಹುಸೇನಮ್ಮ ಗಡಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು. ಗದಿಗೆಮ್ಮ ಎಲ್ಲರೆದುರು ಅದನ್ನು ಗಟಗಟ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ರಿಬ್ಬನ್ನಿನ ಕೆಳಗೆ ಬಗ್ಗಿ ಒಳಗೆ ಹೋದಳು.

"ಗದಿಗೆಮ್ಮಾ, ಇಲ್ಲಿ ನೋಡಿ, ಒಂದು ಫೋಟೋ!" ಎಂದು ಪ್ರಜ್ವಲ ಕೂಗಿದ.

ಒಳಗೆ ಚಿಲಕ ಬಿತ್ತು.