ವಾರಕ್ಕೆ ಇಪ್ಪತ್ತು ಗಂಟೆ

ಮಹಾದೇವಯ್ಯನ ಬಿಳಿ ಕಾರು ಗೇಟಿನ ಹತ್ತಿರ ಬಂದು ನಿಂತಾಗ ರಶ್ಮಿತಾ ಕಣದಲ್ಲಿ ಒಣಗಲು ಹರಡಿದ್ದ ಕಾಫಿ ಕೆದರುತ್ತಿದ್ದಳು. ಮೆಲ್ಬರ್ನಿನಿಂದ ರಜೆಗೆ ಬಂದು ಹನ್ನೆರಡು ದಿನವಾಗಿತ್ತು. ಈ ಮನುಷ್ಯ ಬಂದೇ ಬರುತ್ತಾನೆ ಅಂತ ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು.

ಮಹಾದೇವಯ್ಯ ಹಾಸನದಲ್ಲಿ ಹುಡುಗ ಹುಡುಗಿಯರನ್ನು ಓದಲು ಹೊರದೇಶಕ್ಕೆ ಕಳಿಸುವ ಆಫೀಸು ಇಟ್ಟಿದ್ದ. ಎರಡು ವರ್ಷದ ಹಿಂದೆ, 2005ರಲ್ಲಿ, ದೋಣಿಗಲ್ಲಿನ ಈ ಮನೆಯಿಂದ ಅವಳನ್ನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಕಳಿಸಿದವನೂ ಅವನೇ. ಮೆಲ್ಬರ್ನಿನಲ್ಲಿ ಅವನ ಷಡ್ಡಕನದೊಂದು ರೆಸ್ಟೋರೆಂಟ್ ಇತ್ತು. ಅವಳಿಗೆ ಕೆಲಸ ಸಿಕ್ಕಿದ್ದು ಅಲ್ಲೇ.

ಕಾರಿನಿಂದ ಪಕ್ಕದ ತೋಟದ ಕರಿಯಪ್ಪನೂ ಅವರ ಮಗಳು ಚೈತ್ರಶ್ರೀಯೂ ಇಳಿದರು. ಅಮ್ಮ ಗಂಗಾಮಣಿ ಜಗಲಿಯಲ್ಲಿ ಕುರ್ಚಿ ಹಾಕಿ ಕಾಫಿ ತರಲು ಒಳಗೆ ಹೋದಳು.

"ನಮ್ಮ ರಶ್ಮಿತಾನ್ನೇ ಕೇಳಿ ಕರಿಯಪ್ಪನೋರೆ," ಮಹಾದೇವಯ್ಯ ನಗುತ್ತ ಕೂತ. "ಅಲ್ಲಿ ಓದ್ತಾ ಓದ್ತಾ ಎಷ್ಟು ಬೇಕಾದ್ರೂ ದುಡೀಬೋದು. ನಿಮ್ಮ ಕೈಯಿಂದ ಏನೂ ಹೋಗಲ್ಲ."

"ವಾರಕ್ಕೆ ಇಪ್ಪತ್ತೇ ಗಂಟೆ ಕೆಲಸ ಮಾಡ್ಬೋದು ಅಂತ ಎಲ್ಲೋ ಓದಿದ್ದೆ ಅಕ್ಕಾ," ಅಂದಳು ಚೈತ್ರಶ್ರೀ.

"ಅದು ಕಾಗದದ ಮೇಲೆ ಕಣಮ್ಮಾ," ಉತ್ತರ ಮಹಾದೇವಯ್ಯನಿಂದ ಬಂತು.

ಮೆಲ್ಬರ್ನಿನಲ್ಲಿ ರಶ್ಮಿತಾಳೂ ಮೊದಲ ಮೂರು ತಿಂಗಳು ಇಪ್ಪತ್ತು ದಾಟಿರಲಿಲ್ಲ. ಆಮೇಲೆ ಅಡುಗೆಯವನೊಬ್ಬ ಬಿಟ್ಟು ಹೋದ. ಈ ವಾರ ಒಂಚೂರು ಸುಧಾರಿಸ್ಕೋ ಅಂತ ಓನರ್ ಕೇಳಿಕೊಂಡ. ಇಪ್ಪತ್ತೆರಡಾಯಿತು, ಮೂವತ್ತೈದಾಯಿತು. ಇನ್ನು ಆಗಲ್ಲ ಅಂದ ದಿನ ಅವನು ದನಿ ಏರಿಸಲೇ ಇಲ್ಲ. "ನಿಯಮ ಮುರಿದವಳು ನೀನು. ನಾನೊಂದು ಫೋನ್ ಮಾಡಿದ್ರೆ ನಿನ್ನ ವೀಸಾ ಹೋಯ್ತು," ಅಂದ. ಅವತ್ತಿನಿಂದ ಸಂಬಳ ಅರ್ಧವಾಯಿತು, ಪಾಸ್‌ಪೋರ್ಟು ಅವನ ಡ್ರಾಯರ್ ಸೇರಿತು. ರಜೆಗೆ ಹೊರಟಾಗ ಅದನ್ನು ಕೈಗಿಡುತ್ತಾ, "ಊರಲ್ಲಿ ಮಾತು ಜಾಸ್ತಿ ಬೇಡ. ಮಹಾದೇವಯ್ಯ ಬಂದು ನೋಡ್ಕೊಂಡು ಹೋಗ್ತಾನೆ," ಅಂದಿದ್ದ.

"ಈ ಸಲ ಫಸಲು ಹೆಂಗೈತೆ, ತೋರ್ಸಮ್ಮಾ," ಅಂತ ಮಹಾದೇವಯ್ಯ ಎದ್ದು ಅವಳನ್ನು ಕಣದ ಅಂಚಿಗೆ ಕರೆದೊಯ್ದ. ಒಂದು ಕಾಯಿ ಎತ್ತಿ ಬೆರಳಲ್ಲಿ ಹಿಸುಕಿದ. "ನಿಂದು ಇನ್ನಾರು ತಿಂಗಳು ಐತಲ್ವಾ? ಇಷ್ಟು ಓದಿ ನಡುವೆ ವಾಪಸ್ ಬಂದ್ರೆ ನಿಮ್ಮಮ್ಮಂಗೆ ಹೆಂಗಾಗ್ಬೇಡ ಹೇಳು. ಹೂಂ ಅಂದ್ಬುಡು, ಸಾಕು."

ಹೂಂ ಅನ್ನಬೇಕೆಂದೇ ಅವಳು ಜಗಲಿಗೆ ಮರಳಿದಳು.

ಚೈತ್ರಶ್ರೀ ಅವಳ ಕೈ ಹಿಡಿದುಕೊಂಡಳು. "ನಂಗೂ ಅದೇ ರೆಸ್ಟೋರೆಂಟಂತೆ ಅಕ್ಕಾ. ನಿಮ್ಮ ರೂಮಲ್ಲೇ ಜಾಗ ಐತಂತೆ."

ಆ ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಬೀಗದ ಕೈ ಓನರ್ ಹತ್ತಿರ ಇತ್ತು.

"ಬರ್ಕೋ ಚೈತ್ರಾ," ಅಂದಳು ರಶ್ಮಿತಾ. "ಕ್ಲಾಸು ನಡೆಯೋವಾಗ ವಾರಕ್ಕೆ ಇಪ್ಪತ್ತು ಗಂಟೆ, ಅಷ್ಟೇ. ರಜೆಯಲ್ಲಿ ಎಷ್ಟಾದ್ರೂ ಮಾಡು. ಕ್ಲಾಸಿಗೆ ಸೇರಿದ ಮೇಲೆ ಕೆಲಸದ ಪರ್ಮಿಷನ್ನಿಗೆ ಬೇರೆ ಅರ್ಜಿ ಹಾಕ್ಬೇಕು. ಅದು ಬರೋವರೆಗೆ ಒಂದು ಲೋಟಾನೂ ತೊಳೀಬೇಡ. ಕಾಲೇಜಿನ ಲೈಬ್ರರಿ, ಕ್ಯಾಂಟೀನಲ್ಲೇ ಮೊದಲು ಕೇಳು. ಪಾಸ್‌ಪೋರ್ಟ್ ಯಾರ ಕೈಗೂ ಕೊಡ್ಬೇಡ. ನಾನು ಮೂವತ್ತೈದು ಗಂಟೆ ಮಾಡಿದೆ. ಅದನ್ನೇ ಹಿಡ್ಕೊಂಡು ಇವರು ನನ್ನ ಕುತ್ತಿಗೆ ಮೇಲೆ ಕೂತವ್ರೆ."

ಬಾಗಿಲಲ್ಲಿ ಗಂಗಾಮಣಿಯ ಕೈಯ ತಟ್ಟೆ ವಾಲಿತು. "ಏನ್ ಮಾರಾಯ್ರೆ ಇದು?" ಅಂತ ಕರಿಯಪ್ಪ ಮಹಾದೇವಯ್ಯನ ಕಡೆ ತಿರುಗಿದರು.

ಅವನು ಸಿಟ್ಟಾಗಲಿಲ್ಲ. ತಟ್ಟೆಯಿಂದ ಲೋಟ ತೆಗೆದುಕೊಂಡು ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದ. ಮೊಬೈಲ್ ತೆಗೆದು ನೋಡಿದ. "ಇಲ್ಲಿ ಸಿಗ್ನಲ್ ಇಲ್ಲ. ಸಕಲೇಶಪುರಕ್ಕೆ ಹೋಗಿ ಫೋನ್ ಮಾಡ್ತೀನಿ," ಅಂದ, ಯಾರಿಗೂ ಅಲ್ಲವೆಂಬಂತೆ.

ಕಾರು ಹೊರಟಿತು. ಕರಿಯಪ್ಪ ಹತ್ತಲಿಲ್ಲ, ಮಗಳ ಜೊತೆ ನಡೆದೇ ಮನೆಗೆ ಹೋದರು.

"ನಂಗ್ಯಾಕೆ ಹೇಳ್ಲಿಲ್ಲ ನೀನು?" ಗಂಗಾಮಣಿ ಅಷ್ಟೇ ಕೇಳಿದ್ದು. ಮಗಳು ಅವಳ ಮಡಿಲಲ್ಲಿ ಮುಖವಿಟ್ಟು ಬಹಳ ಹೊತ್ತು ಅತ್ತಳು.

ಅದಾದ ಒಂಬತ್ತನೆಯ ದಿನ ಸಕಲೇಶಪುರದ ಸೈಬರ್ ಸೆಂಟರಿನಲ್ಲಿ ಮೇಲ್ ತೆರೆದಾಗ ಮೆಲ್ಬರ್ನಿನ ವೀಸಾ ಆಫೀಸಿನಿಂದ ಕಾಗದ ಬಂದಿತ್ತು. ವೀಸಾ ರದ್ದಾಗಿದೆ, ಹೇಳುವುದೇನಾದರೂ ಇದ್ದರೆ ಇಪ್ಪತ್ತೆಂಟು ದಿನದೊಳಗೆ ತಿಳಿಸಿ. ಅವಳು ಎಲ್ಲವನ್ನೂ ಬರೆದಳು: ಗಂಟೆಗಳು, ಡ್ರಾಯರ್, ಚಿಲಕವಿಲ್ಲದ ಬಾಗಿಲು. ಓನರ್ ಹೆಸರನ್ನೂ ಬರೆದಳು. ವೀಸಾ ಮರಳಿ ಬರಲಿಲ್ಲ. ಮೂರು ವರ್ಷ ಮತ್ತೆ ಅರ್ಜಿ ಹಾಕುವ ಹಾಗಿಲ್ಲ ಅಂತ ಉತ್ತರ ಬಂತು. ಓನರ್ ವಿಷಯವಾಗಿ ಒಂದು ಸಾಲೂ ಇರಲಿಲ್ಲ.

ಮಾರ್ಚಿನಲ್ಲಿ ಕೆಲಸ ಹುಡುಕಿಕೊಂಡು ಹಾಸನಕ್ಕೆ ಹೋದಾಗ ಬಸ್ಸಿನ ಕಿಟಕಿಯಿಂದ ಮಹಾದೇವಯ್ಯನ ಆಫೀಸು ಕಂಡಿತು. ಹೊಸ ಬೋರ್ಡು ಹಾಕಿದ್ದ. ಅದರಲ್ಲಿ ಅವಳದೇ ಫೋಟೋ, ಕೆಳಗೆ ಅವಳದೇ ಹೆಸರು, ಪಕ್ಕದಲ್ಲಿ 'ನಮ್ಮ ಯಶಸ್ವಿ ವಿದ್ಯಾರ್ಥಿನಿ' ಎಂಬ ಸಾಲು. ಬೋರ್ಡಿನ ಕೆಳಗೆ ಮೂವರು ಹುಡುಗಿಯರು ಫೈಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

ರಶ್ಮಿತಾ ಕಂಡಕ್ಟರನನ್ನು ಕೂಗಿ ಬಸ್ಸು ನಿಲ್ಲಿಸಿ ಇಳಿದಳು. ಮೇಲಿನ ಕಿಟಕಿಯಲ್ಲಿ ಮಹಾದೇವಯ್ಯ ನಿಂತಿದ್ದ. ಅವಳನ್ನು ನೋಡಿ, ಒಳಗೆ ತಿರುಗಿ ಯಾರನ್ನೋ ಕರೆದ. ಅವಳು ರಸ್ತೆ ದಾಟಿ, ಆ ಹುಡುಗಿಯರ ಹಿಂದೆಯೇ ಮೆಟ್ಟಿಲು ಹತ್ತಿದಳು.