ಎರಡನೇ ಗೇರಿನಲ್ಲಿ ನಿಲ್ಲದ ಬೈಕು

ಆರ್ಡಿಸ್ ಪೆರಾಲಾಳ ಎಡ ಮಣಿಕಟ್ಟಿಗೆ ಹಾಕಿದ ಪ್ಲಾಸ್ಟರ್ ಇನ್ನೂ ಬೆಳ್ಳಗೇ ಇತ್ತು, ಅಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು: ಬೈಕಿನ ಗೇರು ಸರಿಯಾಗಿ ಹಾಕಲು ಬರಲಿಲ್ಲ, ಬಿದ್ದಳು. ಮಿನ್ನೆಸೋಟಾದ ಆ ಗಣಿಯೂರಿನಲ್ಲಿ ಮನೆಯಷ್ಟೆತ್ತರದ ಅದಿರು ಲಾರಿಯನ್ನು ಹಿಮದಲ್ಲೂ ಕೆಸರಲ್ಲೂ ಓಡಿಸುತ್ತ ಬಂದವಳ ಬಗ್ಗೆ ಈ ಮಾತು! ಅದನ್ನು ಹುಟ್ಟಿಸಿದವನು ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ ಲೆನ್ನಿ. ಗಣಿ ಕಾರ್ಮಿಕರ ಯೂನಿಯನ್ ಹಾಲ್‌ನಲ್ಲಿ ಶುಕ್ರವಾರದ ಮೀನೂಟಕ್ಕೆ ಕೂತು, "ಪಾಪ, ಅವಳ ಕಾಲಿಗೆ ಆ ಹಳೇ ಗಾಡಿ ಒಗ್ಗಲ್ಲ" ಎಂದಿದ್ದನಂತೆ.

ಆ ಹಳೇ ಗಾಡಿಯ ಗೇರ್‌ಬಾಕ್ಸನ್ನು ಹೋದ ಚಳಿಗಾಲದಲ್ಲಿ ಬಿಚ್ಚಿ ಕಟ್ಟಿದವನೂ ಅವನೇ.

ನಡೆದದ್ದು ಹೀಗೆ. ಆರ್ಡಿಸ್ ಅಡ್ಡರಸ್ತೆಯಿಂದ ಹೆದ್ದಾರಿಗೆ ತಿರುಗಿ ಏರು ಹತ್ತುತ್ತಿದ್ದಳು. ಎರಡನೇ ಗೇರಿಗೆ ಎತ್ತಿ ಆಕ್ಸಲರೇಟರ್ ತಿರುವಿದ್ದೇ ತಡ, ಗೇರು ತಾನಾಗಿ ಕಳಚಿಕೊಂಡಿತು. ಇಂಜಿನ್ ಕಿರುಚಿತು, ಚಕ್ರಕ್ಕೆ ಎಳೆತವೇ ಇಲ್ಲ. ಹಿಂದೆ ಮರದ ದಿಮ್ಮಿ ಹೊತ್ತ ಲಾರಿ ಹಾರನ್ ಒತ್ತಿಕೊಂಡೇ ಮೈಮೇಲೆ ಬರುತ್ತಿತ್ತು. ಅವಳು ಬೈಕನ್ನು ಚರಂಡಿಗೆ ನುಗ್ಗಿಸಿದಳು. ಕೈ ಮುರಿಯಿತು, ಜೀವ ಉಳಿಯಿತು.

ಊರಿನವರ ಮಾತಿಗಿಂತ ಅವಳನ್ನು ಹೆಚ್ಚು ಉರಿಸಿದ್ದು ಬೇರೊಂದು. ಹಾಸಿಗೆಯಲ್ಲಿ ಮಲಗಿದಾಗ ಅವಳೇ ಎಡಗಾಲಿನ ಹೆಬ್ಬೆರಳನ್ನು ಮಂಚದ ಪಟ್ಟಿಯ ಕೆಳಗೆ ಸಿಕ್ಕಿಸಿ, ಗೇರು ಹಾಕುವಂತೆ ಎತ್ತಿ ಎತ್ತಿ ನೋಡುತ್ತಿದ್ದಳು. ನಿಜಕ್ಕೂ ಪೂರ್ತಿ ಎತ್ತಲಿಲ್ಲವೇನೋ? ತನ್ನ ಕಾಲಿನ ಮೇಲೆ ತನಗೇ ಅನುಮಾನ ಹುಟ್ಟಿಸಿದ್ದನಲ್ಲ ಆ ಪುಣ್ಯಾತ್ಮ!

ಶನಿವಾರ ಬೆಳಿಗ್ಗೆ ನೆರೆಯವರ ಪಿಕಪ್‌ನಲ್ಲಿ ಬೈಕು ಹಾಕಿಸಿಕೊಂಡು ಹೋಗಿ ತಮ್ಮನ ಶೆಡ್ಡಿನ ಮುಂದೆ ಇಳಿಸಿದಳು.

"ನನಗೊಂದೇ ಕೈ ಇರೋದು. ನಿನ್ನೆರಡು ಕೈ ಬೇಕು. ಬಿಚ್ಚು."

ಲೆನ್ನಿ ಕಾಫಿ ಲೋಟ ಹಿಡಿದೇ ನಕ್ಕ. "ಆರ್ಡಿ, ಗೇರ್‌ಬಾಕ್ಸ್‌ಗೆ ಏನೂ ಆಗಿಲ್ಲ. ಕ್ಲಚ್ ಕೇಬಲ್ ಸಡಿಲ ಆಗಿರತ್ತೆ. ಮೊದ್ಲು ಹೊರಗಿಂದು ನೋಡೋಣ."

"ನೋಡು. ನಾನಿಲ್ಲೇ ಕೂತಿರ್ತೀನಿ."

ಅವನು ಬಾಗಿದ್ದ ಹ್ಯಾಂಡಲ್ ನೆಟ್ಟಗೆ ಮಾಡಿದ, ಕೇಬಲ್ ಬಿಗಿ ಮಾಡಿದ, ಆಯಿಲ್ ಬದಲಿಸಿದ, ಗೇರ್ ಪೆಡಲನ್ನು ಕೊಂಚ ಮೇಲಕ್ಕೆ ಕೂರಿಸಿದ. ಆಮೇಲೆ ಬೈಕಿನಲ್ಲಿ ಪಕ್ಕದ ದಿಬ್ಬ ಹತ್ತಿ ಇಳಿದು ಬಂದು, "ನೋಡು, ಬೆಣ್ಣೆ ಥರ ಹೋಗತ್ತೆ" ಎಂದ.

"ಅಜ್ಜಿ ಚರ್ಚಿಗೆ ಹೋದಂಗೆ ಹೋದ್ಯಲ್ಲೋ! ಹಿಂದೆ ಲಾರಿ ಬರ್ತಿದೆ ಅನ್ಕೊ. ಎರಡನೇ ಗೇರಲ್ಲಿ ಪೂರಾ ತಿರುವು."

ಅವನು ಹಲ್ಲು ಕಚ್ಚಿಕೊಂಡು ಮತ್ತೆ ಹೊರಟ. ಆರ್ಡಿಸ್ ಕಿವಿಗೊಟ್ಟು ನಿಂತಳು. ಮೊದಲ ಗೇರು, ಎರಡನೆಯದು, ಏರುತ್ತ ಹೋದ ಸದ್ದು, ಒಮ್ಮೆಲೇ ಆ ಕಿರುಚಾಟ. ಚರಂಡಿಗೆ ಬೀಳುವ ಮೊದಲು ಕೇಳಿದ್ದ ಅದೇ ಕಿರುಚಾಟ.

ಲೆನ್ನಿ ಬೈಕು ತಳ್ಳಿಕೊಂಡು ಬಂದ. ಮುಖ ಇಳಿದಿತ್ತು.

"ಏನಾಯ್ತು? ನಿನ್ ಕಾಲಿಗೂ ಒಗ್ಗಲಿಲ್ವಾ?"

ಅವನು ಸ್ಪ್ಯಾನರ್ ಎತ್ತಿಕೊಂಡ.

ಇಂಜಿನ್ ಇಳಿಸಿ, ಬೆಂಚಿನ ಮೇಲೆ ತಲೆಕೆಳಗಾಗಿಟ್ಟು, ತಳದ ಅರ್ಧವನ್ನು ಬಿಡಿಸುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಎರಡನೇ ಗೇರನ್ನು ಅತ್ತಿತ್ತ ಸರಿಸುವ ಕವೆಯಂಥ ಕಬ್ಬಿಣದ ಫೋರ್ಕ್ ಕಣ್ಣಿಗೆ ಬಿತ್ತು. ತುದಿ ಕಾದು ನೀಲಿಗಟ್ಟಿತ್ತು. ಒಂದು ಕಡೆಗೆ ವಾಲಿತ್ತು. ಅದು ವಾಲಿದ್ದರಿಂದ ಗೇರು ಪೂರ್ತಿ ಕಚ್ಚಿಕೊಳ್ಳದೆ, ಕಚ್ಚುವ ಹಲ್ಲುಗಳ ಅಂಚು ಸವೆದು ದುಂಡಗಾಗಿತ್ತು. ಅಂಥ ಗೇರು ಯಾರ ಕಾಲಿಗೂ ನಿಲ್ಲುವುದಿಲ್ಲ.

ಆರ್ಡಿಸ್ ಬಲಗೈಯಲ್ಲಿ ಫೋರ್ಕ್ ಎತ್ತಿ ಬೆಳಕಿಗೆ ಹಿಡಿದಳು. ಬುಡದಲ್ಲಿ ಕಬ್ಬಿಣ ಬಿಗಿದು ಹಿಡಿಯುವ ವೈಸಿನ ಹಲ್ಲಿನ ಗುರುತು, ಪಕ್ಕದಲ್ಲಿ ಸುತ್ತಿಗೆಯ ಗುಳಿ.

"ಲೆನ್ನಿ, ಇದೇನಿದು?"

ಅವನು ಚಿಂದಿಯಲ್ಲಿ ಕೈ ಒರೆಸುತ್ತಲೇ ಇದ್ದ.

"ಬಾಗಿದ್ದು ನಿನಗೆ ಆಗ್ಲೇ ಗೊತ್ತಿತ್ತು. ವೈಸಲ್ಲಿ ಹಿಡಿದು ಬಡಿದು ನೆಟ್ಟಗೆ ಮಾಡಿ ವಾಪಸ್ ಹಾಕ್ದೆ. ಹೌದೋ ಅಲ್ವೋ?"

"ಹೊಸದು ಎಲ್ಲೂ ಸಿಗ್ಲಿಲ್ಲ ಆರ್ಡಿ. ನೀನು ನಿಧಾನ ಓಡಿಸ್ತೀಯ, ತಡ್ಕೊಳತ್ತೆ ಅನ್ಕೊಂಡೆ."

"ಒಂದ್ ಮಾತು ಹೇಳಕ್ಕಾಗ್ಲಿಲ್ವಾ?"

"ಹೇಳಿದ್ರೆ ನೀನು ಬೈತಿದ್ದೆ."

"ಈಗೇನು ಮುತ್ತಿಡ್ತಿದೀನಾ?" ಅವಳ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. "ಬೈಗುಳಕ್ಕೆ ಹೆದರಿ ನನ್ನನ್ನೇ ಲಾರಿ ಕೆಳಗೆ ಹಾಕಕ್ಕೆ ಹೊರಟ್ಯಲ್ಲೋ! ಅದೂ ಸಾಲ್ದು ಅಂತ ಊರಿಗೆಲ್ಲ ನನ್ ಕಾಲಿನ ಕಥೆ ಹೇಳಿದ್ಯ!"

ಲೆನ್ನಿಯ ಕಣ್ಣು ತುಂಬಿತು. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಮುರಿದದ್ದು ತನ್ನ ಕೈ, ಅಳುವುದು ಇವನಾ?

ವಿಸ್ಕಾನ್ಸಿನ್‌ನ ಗುಜರಿಯವನೊಬ್ಬನ ಬಳಿ ಅದೇ ಮಾದರಿಯ ಇಂಜಿನ್ ಇತ್ತು. ಲೆನ್ನಿ ಹೋಗಿ ಅದರ ಫೋರ್ಕನ್ನೂ ಗೇರನ್ನೂ ತಂದ. ಮರುಶುಕ್ರವಾರ ಮೀನೂಟದಲ್ಲಿ ಎದ್ದು ನಿಂತು, ತಟ್ಟೆ ನೋಡಿಕೊಂಡೇ, "ಅವಳ ಕಾಲು ಸರಿಯಿತ್ತು. ಕೆಲಸ ಕೆಡಿಸಿದ್ದು ನಾನು" ಎಂದ. ಯಾರೋ ನಕ್ಕರು. ಆರ್ಡಿಸ್ ನಗಲಿಲ್ಲ.

ಪ್ಲಾಸ್ಟರ್ ತೆಗೆಸಿದ ಮೇಲೆ ಫೋರ್ಕು, ಗೇರು ಎರಡನ್ನೂ ಅವಳೇ ಕೂರಿಸಿದಳು. ಅವಳು ಕೇಳಿದ ಸ್ಪ್ಯಾನರ್ ಕೊಡುತ್ತ ಲೆನ್ನಿ ಪಕ್ಕದಲ್ಲಿ ನಿಂತಿದ್ದ, ಅಷ್ಟೆ. ಆಮೇಲೆ ಅದೇ ಹೆದ್ದಾರಿಯ ಏರಿನಲ್ಲಿ ಎರಡನೇ ಗೇರಿಗೆ ಎತ್ತಿ, ಕೈ ನೋಯುವಷ್ಟು ತಿರುವಿದಳು. ಗೇರು ಬಂಡೆಯ ಹಾಗೆ ನಿಂತಿತು. ಬೈಕು ಅವಳನ್ನು ಎಳೆದುಕೊಂಡು ಹೋಯಿತು.

ಹಿಂತಿರುಗಿ ಬಂದಾಗ ಲೆನ್ನಿ ರಸ್ತೆಯಂಚಿಗೇ ಬಂದು ನಿಂತಿದ್ದ.

"ಗೇರು ನಿಲ್ತಾ?"

"ನಿಲ್ತು."

"ಮತ್ತೆ... ನಮ್ಮಿಬ್ರ ನಂಟು?"

"ಅದು ಇನ್ನೂ ಗಟ್ಟಿಯಾಗಿ ನಿಂತಿಲ್ಲ" ಎಂದು ಆರ್ಡಿಸ್ ಬೈಕು ತಿರುಗಿಸಿಕೊಂಡು ತನ್ನ ಮನೆ ಕಡೆ ಹೊರಟಳು.