ಏಳನೆಯ ಉದ್ದಕೆರೆ

ನಮ್ಮ ಉದ್ದಕೆರೆಯನ್ನು ನಾನು ಒಮ್ಮೆ ಒಂದೇ ಗುಟುಕಿಗೆ ಕುಡಿದಿದ್ದೇನೆ. ಮನೆಯ ಬೀಗದ ಕೈ ತಳಕ್ಕೆ ಬಿದ್ದಿತ್ತು, ಬೇರೆ ದಾರಿ ಇರಲಿಲ್ಲ. ಕೈಗೆ ಸಿಕ್ಕ ಮೇಲೆ, ಮೀನುಗಳ ಒದ್ದಾಟ ನೋಡಲಾರದೆ ಅಷ್ಟೂ ನೀರನ್ನು ವಾಪಸ್ಸು ಉಗುಳಿದೆ. ನಂಬದವರು ಬಂದು ರುಚಿ ನೋಡಲಿ. ಅವತ್ತು ನಾನು ತಿಂದಿದ್ದ ಈರುಳ್ಳಿಯ ವಾಸನೆ ನೀರಿನಲ್ಲಿ ಇನ್ನೂ ಇದೆ.

ದೋಣಿ ಕಟ್ಟುವ ಕಟ್ಟೆಯ ಮೇಲೆ ಮಿಕ್ಕವರು ನನ್ನನ್ನು ‘ಬುರುಡೆ’ ಎಂದು ಕರೆಯುವುದು ಬರೀ ಹೊಟ್ಟೆಕಿಚ್ಚಿಗೆ. ಬಾಡಿಗೆಗೆ ಬಂದವರು ಅವರ ಹೊಸ ದೋಣಿಗಳನ್ನು ಬಿಟ್ಟು ನನ್ನ ತೂತಿನ ದೋಣಿಯನ್ನೇ ಹತ್ತುತ್ತಾರೆ. ಅವರ ದೋಣಿಯಲ್ಲಿ ನೀರು ನೋಡಬಹುದು, ನನ್ನ ದೋಣಿಯಲ್ಲಿ ಕಥೆ ಕೇಳಬಹುದು.

ಉದ್ದಕೆರೆ ಎಂಬ ಹೆಸರಿಗೆ ನಮ್ಮ ಸುತ್ತಮುತ್ತ ಬರವಿಲ್ಲ. ಹೆಸರಿಡುವಾಗ ಹಿಂದಿನವರಿಗೆ ಮೈಗಳ್ಳತನ ಬಂದಿರಬೇಕು, ಒಂದು ದಿನದ ಬಸ್ಸಿನ ದಾರಿಯೊಳಗೆ ಏಳು ಉದ್ದಕೆರೆಗಳಿವೆ. ಒಂದು ಬತ್ತಿ ಲಾರಿ ನಿಲ್ಲಿಸುವ ಜಾಗವಾಗಿದೆ. ಇನ್ನೊಂದು ತಟ್ಟೆಯ ಹಾಗೆ ದುಂಡಗಿದೆ, ಆದರೂ ಉದ್ದಕೆರೆ. ಅಸಲಿ ಎಂದರೆ ನಮ್ಮದು. ಮಿಕ್ಕ ಆರೂ ನಮ್ಮ ಕೆರೆ ಕೈ ಕೊಡವಿದಾಗ ಬಿದ್ದ ಹನಿಗಳು.

ಮುಳುಗಿ ಸತ್ತವರ ಮನೆಯವರು ಆಗಾಗ ಬರುತ್ತಾರೆ. ಅವರಿಗೆ ಜಾಗ ನೋಡಬೇಕು. ಸತ್ತದ್ದು ಯಾವ ಉದ್ದಕೆರೆಯಲ್ಲೋ, ಅವರು ಇಳಿಯುವುದು ನಮ್ಮ ಕಟ್ಟೆಯ ಎದುರಿನ ಬಸ್ ನಿಲ್ದಾಣದಲ್ಲಿ. ಬಂದವರನ್ನು ಬರಿಗೈಲಿ ಕಳಿಸುವುದೇ? ನಾನು ಜಾಗ ತೋರಿಸುತ್ತೇನೆ. ನನ್ನ ಲಂಗರಿನ ಹಗ್ಗದಲ್ಲಿ ಅರ್ಧವನ್ನು ಹೆಂಡತಿ ಬಟ್ಟೆ ಒಣಹಾಕಲು ಕತ್ತರಿಸಿಕೊಂಡಿದ್ದಾಳೆ. ಉಳಿದ ಅರ್ಧ ಎಲ್ಲಿ ತಳ ಮುಟ್ಟುತ್ತದೋ ಅಲ್ಲಿಯೇ ಎಲ್ಲರೂ ಸತ್ತಿರುತ್ತಾರೆ. ಬಹಳ ಶಿಸ್ತಿನ ಜನ.

ಈ ಕಸುಬಿನಲ್ಲಿ ಅರ್ಧ ಮಾತು, ಅರ್ಧ ಕೆಮ್ಮು. “ನೀರಿನಿಂದ ಎಳೆದದ್ದು ನಾನೇ, ಅಂಗಿ ಯಾವ ಬಣ್ಣ ಅಂದರೆ…” ಎಂದು ಕೆಮ್ಮಬೇಕು. ಅಳುವವರಿಗೆ ತಾಳ್ಮೆ ಇರುವುದಿಲ್ಲ, ಬಣ್ಣವನ್ನು ಅವರೇ ಹೇಳಿಬಿಡುತ್ತಾರೆ. “ಹ್ಞಾಂ, ಅದೇ!” ಅಂದರೆ ಮುಗಿಯಿತು.

ಆವತ್ತು ಮಧ್ಯಾಹ್ನ ಇಬ್ಬರು ಹೆಂಗಸರು ಬಸ್ಸಿನಿಂದ ಇಳಿದರು. ಮುಂದೆ ಅತ್ತೆ, ಕಡ್ಡಿಯಂತಹ ಮುದುಕಿ. ಹಿಂದೆ ಸೊಸೆ, ಚೀಲ, ನೀರಿನ ಬಾಟಲಿ, ಕೊಡೆ ಎಲ್ಲ ಹೊತ್ತವಳು. ಮುದುಕಿ ನೇರ ನನ್ನ ಬಳಿ ಬಂದು ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಗಂಡಸಿನ ಮುಖ, ಅಷ್ಟೇ. ಭುಜದ ಕೆಳಗೆ ಏನೂ ಇಲ್ಲ.

“ನನ್ನ ಮಗ, ತಮ್ಮಾ. ಹೋದ ವರ್ಷ ಮನೆ ಬಿಟ್ಟು ಹೋದ. ‘ಉದ್ದಕೆರೆಯಲ್ಲಿದ್ದೀನಿ’ ಅಂತ ಒಂದು ಮೆಸೇಜು ಬಂತು. ಆಮೇಲೆ ಫೋನೂ ಇಲ್ಲ, ಅವನೂ ಇಲ್ಲ. ಇಲ್ಲಿ ಏನಾದರೂ…”

ಪೂರ್ತಿ ಕೇಳುವ ಅಭ್ಯಾಸ ನನಗಿಲ್ಲ. ಟೋಪಿ ತೆಗೆದು ಎದೆಗೆ ಒತ್ತಿಕೊಂಡೆ. “ಅಮ್ಮಾ, ಇಷ್ಟು ದಿನ ನಿಮ್ಮ ದಾರಿಯನ್ನೇ ಕಾಯುತ್ತಿದ್ದೆ. ನಿಮ್ಮ ಮಗನನ್ನು ನೀರಿನಿಂದ ಎಳೆದದ್ದು ಈ ಕೈಗಳು.”

ಮುದುಕಿ ಸೊಸೆಯಿಂದ ಇಸಿದುಕೊಂಡು ಕುಡಿಯಲು ಎತ್ತಿದ್ದ ಬಾಟಲಿಗೆ ಮುಚ್ಚಳ ಹಾಕಿದಳು. ಸೊಸೆ ಮಾತ್ರ ಕೊಡೆ ಬಿಟ್ಟು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

ಇಬ್ಬರನ್ನೂ ದೋಣಿಗೆ ಹತ್ತಿಸಿದೆ. ಹುಟ್ಟು ಹಾಕುತ್ತಾ ಶುರುಮಾಡಿದೆ. ಅವತ್ತು ಗಾಳಿ ಎಂದರೆ ಎಂಥ ಗಾಳಿ! ಕಟ್ಟೆಯ ಮೇಲಿದ್ದ ನಾಯಿ ಹಾರಿಹೋಗಿ ಮೂರು ದಿನದ ಮೇಲೆ ಬಸ್ಸಿನಲ್ಲಿ ವಾಪಸ್ಸು ಬಂತು. ನಿಮ್ಮ ಮಗ ನಡುನೀರಿನಲ್ಲಿ ಕೂಗುತ್ತಿದ್ದ, ದೋಣಿಯಲ್ಲಿ ಹೋದರೆ ತಡವಾದೀತು ಎಂದು ನಾನು ಓಡಿಯೇ ಹೋದೆ, ನೀರಿನ ಮೇಲೆ. ಅಂಗಿ ಯಾವ ಬಣ್ಣ ಅಂದರೆ…

ಕೆಮ್ಮಿದೆ.

“ನೀಲಿ,” ಎಂದಳು ಅತ್ತೆ.

“ಬಿಳಿ,” ಎಂದಳು ಸೊಸೆ.

“ಬಿಳಿಯ ಮೇಲೆ ನೀಲಿ ಗೆರೆ,” ಎಂದೆ ನಾನು. ಕಸುಬು ಅಂದರೆ ಇದು.

ಹಗ್ಗ ಮುಗಿಯುವಲ್ಲಿ ಲಂಗರು ಇಳಿಸಿದೆ. “ಇದೇ ಜಾಗ. ಕೊನೇ ಸಲ ಮೇಲೆ ಬಂದಾಗ ಎಡಗೈ ಚಾಚಿ ‘ಅಮ್ಮಾ’ ಅಂದ. ಎಡಚ ಅಲ್ಲವೇ, ಎಡಗೈಯೇ ಮೊದಲು ಬರುವುದು. ಅಷ್ಟೇ, ಹೋದ.”

ಈ ಮಾತಿಗೆ ನಾನು ಕೆಮ್ಮಿರಲಿಲ್ಲ. ಇದನ್ನು ನೆನಪಿಡಿ ಎಂದು ಹೇಳುತ್ತಿಲ್ಲ, ಆ ಮುದುಕಿ ನೆನಪಿಟ್ಟುಕೊಂಡಳು, ಅಷ್ಟು ಸಾಕು.

ಸೊಸೆ ಮುಖ ಒರೆಸಿಕೊಂಡಳು. “ಅತ್ತೆ, ನೀವು ಮಾತು ಕೊಟ್ಟಿದ್ದೀರಿ. ಏಳೂ ಕೆರೆ ಮುಗಿದವು. ಇನ್ನು ನಾನು ನಮ್ಮಣ್ಣನ ಮನೆಗೆ ಹೋಗ್ತೀನಿ. ಅಲ್ಲಿ ಹೊಲಿಗೆ ಅಂಗಡಿಯಲ್ಲಿ ಕೆಲಸ ಇದೆ. ನೀವು ತಡೀಬಾರದು.”

“ಹೋಗು ತಾಯಿ. ತಡೆಯಲ್ಲ.” ಮುದುಕಿ ನನ್ನ ಕಡೆ ತಿರುಗಿದಳು. “ಆರು ಕೆರೆಯಲ್ಲೂ ‘ಇಲ್ಲ, ಇಲ್ಲಿ ಯಾರೂ ಮುಳುಗಿಲ್ಲ’ ಅಂದರಪ್ಪಾ. ಪ್ರತಿ ಸಲವೂ ಇವಳು ಅಳೋಳು, ನಾನು ಹೊಟ್ಟೆ ತುಂಬಾ ಉಣ್ಣೋಳು. ನೀನೂ ಇಲ್ಲ ಅಂದಿದ್ದರೆ ನನ್ನ ಮಗ ಎಲ್ಲೋ ಬದುಕಿದ್ದಾನೆ ಅಂತ ಲೆಕ್ಕ. ಅದೊಂದು ಮಾತಿಗೆ ಇಷ್ಟು ದೂರ ಬಂದೆ.”

ನೋಡಿ ನನ್ನ ಗ್ರಹಚಾರ! ಸತ್ತವನ ತಾಯಿಗೆ ಸಾವಿನ ಕಥೆ ಬೇಕು ಎಂದುಕೊಂಡು ಬಡಿಸಿದ್ದೆ. ಅವಳು ಹಸಿದದ್ದು ‘ಇಲ್ಲ’ ಎಂಬ ಒಂದು ಮಾತಿಗೆ. ಉಗುಳಿದ್ದನ್ನು ನುಂಗಬಹುದಿತ್ತು. ಆದರೆ ಅದು ನನ್ನ ಇದುವರೆಗಿನ ಕಥೆಗಳಲ್ಲೇ ಒಳ್ಳೆಯದಾಗಿ ಬಂದಿತ್ತು. ಹಾಳುಮಾಡಲು ಮನಸ್ಸು ಬರಲಿಲ್ಲ. “ಪ್ರಾಣ ಹೋಗುವಾಗ ಮುಖದಲ್ಲಿ ನಗು ಇತ್ತಮ್ಮಾ,” ಎಂದು ಇನ್ನಷ್ಟು ತುಪ್ಪ ಸುರಿದೆ.

ಮುದುಕಿ ನನ್ನ ಕೈಯಿಂದ ಹುಟ್ಟು ತೆಗೆದುಕೊಂಡು ನೆಟ್ಟಗೆ ಕೆಳಗಿಳಿಸಿದಳು, ಮಗ ಎಷ್ಟು ಆಳಕ್ಕೆ ಹೋದ ಎಂದು ಮುಟ್ಟಿ ನೋಡುವವಳ ಹಾಗೆ. ಹುಟ್ಟು ಟಕ್ ಎಂದು ನಿಂತಿತು. ಮೇಲೆತ್ತಿ ಒದ್ದೆಯ ಗುರುತನ್ನು ಬೆರಳಿನಿಂದ ಹಿಡಿದು, ನನ್ನನ್ನು ನಿಲ್ಲಿಸಿ ಮೈಗೆ ಆನಿಸಿ ಅಳೆದಳು. ಒದ್ದೆ ನನ್ನ ಎದೆಗೆ ಬಂತು.

“ನೀನು ಕುಳ್ಳ,” ಎಂದಳು. “ನನ್ನ ಮಗ ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದ. ಇಲ್ಲಿ ಮುಳುಗಬೇಕಾದರೆ ಅವನು ಮಂಡಿ ಊರಬೇಕು.”

“ಅವತ್ತು ನೀರು ಜಾಸ್ತಿ ಇತ್ತಮ್ಮಾ! ಆಲದ ಮರದಷ್ಟು! ಮೇಲಾಗಿ ತಳದಲ್ಲಿ ಕೆಸರು, ಆನೆಯನ್ನೇ ನುಂಗೋ ಕೆಸರು. ಒಂದು ಮೀನೂ ಇದೆ, ಎಮ್ಮೆಯಷ್ಟು…”

“ಮೀನು ಬಿಡು. ಸುಳ್ಳು ಹೇಳೋಕೂ ಒಂದು ಮಟ್ಟ ಬೇಡವೇನೋ?”

“ಅತ್ತೆ, ಬಿಡಿ,” ಎಂದಳು ಸೊಸೆ. “ಈ ದೋಣಿಯಣ್ಣ ಕಣ್ಣಾರೆ ನೋಡಿದ್ದೀನಿ ಅಂತಾರೆ.”

“ನೋಡಿದ್ದಾನೆ. ಅದು ನಿಜ.” ಮುದುಕಿ ಹುಟ್ಟನ್ನು ತೊಡೆಯ ಮೇಲೆ ಅಡ್ಡಕ್ಕೆ ಇಟ್ಟುಕೊಂಡಳು. “ಬಣ್ಣ ಕೇಳೋಕೆ ಕೆಮ್ಮಿದೆಯಲ್ಲ, ಎಡಚ ಅನ್ನೋಕೆ ಯಾಕೆ ಕೆಮ್ಮಲಿಲ್ಲ? ನಾವು ಹೇಳಲಿಲ್ಲ. ಫೋಟೋದಲ್ಲಿ ಕೈಯೇ ಇಲ್ಲ. ನನ್ನ ಮಗ ಇಲ್ಲಿ ಸತ್ತಿಲ್ಲ, ಆದರೆ ನೀನು ಅವನನ್ನು ಬಲ್ಲೆ. ಈಗ ಹೇಳು. ಹೇಳದಿದ್ದರೆ ಈ ಹುಟ್ಟು ನೀರಿಗೆ ಹಾಕ್ತೀನಿ, ಮೂರೂ ಜನ ಇಲ್ಲೇ ಕೂತಿರೋಣ. ನನಗೇನೂ ಅವಸರವಿಲ್ಲ.”

ಬಾಯಿ ತೆರೆದೆ. ಯಾವ ಕಥೆಯೂ ಬರಲಿಲ್ಲ. ನನ್ನ ಜೀವಮಾನದಲ್ಲಿ ಹಾಗಾದದ್ದು ಅದೇ ಮೊದಲು.

ಸರಿ. ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಅವನು ಬಂದಿದ್ದ. ಗಾಳಿ ಇರಲಿಲ್ಲ, ಬಿಸಿಲಿತ್ತು. ಜೊತೆಗೆ ಒಬ್ಬ ಹೆಂಗಸು. ಇಬ್ಬರೂ ನನ್ನ ದೋಣಿ ಹತ್ತಿದರು. ಅವನೇ ಎಡಗೈಯಲ್ಲಿ ಹುಟ್ಟು ಹಿಡಿದು ಸ್ವಲ್ಪ ದೂರ ನಡೆಸಿದ, ಅವಳು ನಗುತ್ತಿದ್ದಳು. ಮನೆಗೆ ಏನಾದರೂ ತಿಳಿಸಬೇಕು, ಆದರೆ ಯಾರೂ ಹುಡುಕಿಕೊಂಡು ಬರಬಾರದು, ಏನು ಬರೆಯಲಿ ಎಂದು ಅವಳನ್ನು ಕೇಳಿದ. ನಡುವೆ ಬಾಯಿ ಹಾಕಿದವನು ನಾನು. “ಉದ್ದಕೆರೆ ಅಂತ ಬರೀರಿ ಸ್ವಾಮಿ, ಏಳಿವೆ. ಹುಡುಕುವವರ ಚಪ್ಪಲಿ ಸವೆಯುತ್ತೆ,” ಎಂದೆ. ಮೂವರೂ ನಕ್ಕೆವು. ಈಗ ಸೊಸೆ ಕೂತಿದ್ದ ಹಲಗೆಯ ಮೇಲೆಯೇ ಕೂತು ಅವನು ಆ ಮೆಸೇಜು ಕಳಿಸಿದ. ಕಳಿಸಿ, ಫೋನನ್ನು ಕೆರೆಗೆ ಎಸೆದ.

ಸೊಸೆ ಆ ಹಲಗೆಯಿಂದ ಎದ್ದಳು. ದೋಣಿ ಓಲಾಡಿತು. ಕೂರಲು ಬೇರೆ ಜಾಗವಿಲ್ಲದೆ ನಿಂತೇ ಇದ್ದಳು.

“ನನ್ನ ಮಾತು ಬಂತಾ?” ಎಂದು ಕೇಳಿದಳು ಮುದುಕಿ. “ತಾಯಿ ಅಂತ ಒಬ್ಬಳಿದ್ದಾಳೆ ಅಂದನಾ?”

ಹೌದು, ನಿಮ್ಮನ್ನು ನೆನೆದು ಅತ್ತ ಎನ್ನಬಹುದಿತ್ತು. ಆ ಒಂದು ಸುಳ್ಳು ಅವಳಿಗೆ ಬೇಕಾಗಿತ್ತು, ಸುಳ್ಳಿನ ರಾಜನಾದ ನನಗೆ ಅದೇ ಬಾಯಿಗೆ ಬರಲಿಲ್ಲ.

“ನಿಮ್ಮ ತಾಯಿ ಬಂದರೆ ಅಂತ ನಾನೇ ಕೇಳಿದೆ ಅಮ್ಮಾ. ‘ಬರ್ತಾಳೆ. ಏಳೂ ಸುತ್ತುತ್ತಾಳೆ, ಅವಳಿಗೆ ಬೇರೆ ಕೆಲಸವೇನಿದೆ, ಸುತ್ತಲಿ’ ಅಂದ ನಿಮ್ಮ ಮಗ. ‘ನಿನ್ನ ಹತ್ತಿರ ಬಂದರೆ ಸತ್ತ ಅಂತ ಹೇಳಿಬಿಡು’ ಅಂದ.”

ಮುದುಕಿ ಹುಟ್ಟನ್ನು ನನ್ನ ಕೈಗೆ ವಾಪಸ್ಸು ಕೊಟ್ಟಳು.

“ಹಾಗಾದರೆ ಬದುಕಿದ್ದಾನೆ,” ಎಂದಳು.

“ಬದುಕಿದ್ದಾನೆ ಅಮ್ಮಾ.”

“ನೀನು ಮೊದಲು ಹೇಳಿದ ಹಾಗೆಯೇ ಇರಲಿ,” ಎಂದಳು ಅವಳು. “ದಡಕ್ಕೆ ನಡೆಸು.”